ಒತ್ತಡ ಇಳಿಯುತ್ತಿದೆಯಾ? ಮೊದಲು ಮೆನಿಸ್ಕಸ್ ನೋಡಿ: ಕಾರಾ ಕೋಶ ಮತ್ತು ಪ್ರೆಷರ್ ಪ್ರೋಬ್‌ನ ದೋಷ ನಿವಾರಣೆ

ಸಸ್ಯಕೋಶಗಳ ಬಲ, ಬಿಗಿತ, ಬೆಳವಣಿಗೆ ಅಳೆಯುವ ಲ್ಯಾಬ್‌ಗಳಲ್ಲಿ ಪ್ರೆಷರ್ ಪ್ರೋಬ್ (ಕೋಶಕ್ಕೆ ಸೂಜಿ ಚುಚ್ಚಿ ಒಳಗಿನ ಒತ್ತಡ ಓದುವ ಉಪಕರಣ) ಬಗ್ಗೆ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. "ಸೂಜಿ ಒಳಗೆ ಹೋಯಿತು. ಒತ್ತಡ 0.55 ಮೆಗಾಪಾಸ್ಕಲ್‌ಗೆ ಬಂತು. ಆಮೇಲೆ ಇಳೀತಾನೇ ಇದೆ." ಹೇಳುವವರು ಹೋದ ತಿಂಗಳು ಸೇರಿದ ವಿದ್ಯಾರ್ಥಿ ಇರಬಹುದು, ವರ್ಷಗಟ್ಟಲೆ ಪ್ರೋಬ್ ಹಿಡಿದವರೂ ಇರಬಹುದು. ಎಲ್ಲರ ಅನುಮಾನ ಎರಡೇ: ಕೋಶ ಸತ್ತಿತಾ, ಇಲ್ಲಾ ಪ್ರೋಬ್ ಸೋರುತ್ತಿದೆಯಾ?

ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಕೋಶ ಎಸೆದು ಇನ್ನೊಂದನ್ನು ಚುಚ್ಚುತ್ತಾರೆ. ಅಥವಾ ಸ್ಪ್ಯಾನರ್ ತಗೊಂಡು ಇರೋ ಬರೋ ಸೀಲ್‌ಗಳನ್ನೆಲ್ಲ ಬಿಗಿ ಮಾಡುತ್ತಾರೆ. ಎರಡೂ ಬೇಡ ಅನ್ನುತ್ತೇನೆ ನಾನು. ಎರಡರಿಂದಲೂ ಕಣ್ಣ ಮುಂದಿದ್ದ ಸಾಕ್ಷಿ ಅಳಿಸಿಹೋಗುತ್ತದೆ. ಒಂದು ನಿಮಿಷ ಯಾವುದನ್ನೂ ಮುಟ್ಟಬೇಡಿ. ಪರದೆಯ ಮೇಲಿನ ಸಂಖ್ಯೆ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಮೆನಿಸ್ಕಸ್ (ಸೂಜಿಯೊಳಗೆ ಕೋಶದ ರಸ ಮತ್ತು ಪ್ರೋಬಿನ ಎಣ್ಣೆ ಸೇರುವ ಗಡಿ) ನೋಡಿ. ಅದು ಯಾವ ಕಡೆ ಹೋಗುತ್ತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಸರಿಯಾಗಿದ್ದರೆ ಹೇಗಿರಬೇಕು

ಕಾರಾ ಒಂದು ಸಿಹಿನೀರಿನ ಪಾಚಿ. ನಮ್ಮ ಕೆರೆ, ಗದ್ದೆಗಳ ನಿಂತ ನೀರಲ್ಲೂ ಇದರ ಜಾತಿಗಳು ಬೆಳೆಯುತ್ತವೆ. ಗೆಣ್ಣಿನಿಂದ ಗೆಣ್ಣಿಗೆ ಇರುವ ಇಡೀ ತುಂಡು ಒಂದೇ ಒಂದು ಜೀವಕೋಶ. ಬರಿಗಣ್ಣಿಗೆ ಕಾಣುತ್ತದೆ, ಬೆರಳಲ್ಲಿ ಹಿಡಿಯಬಹುದು, ಕೆಲವು ಸೆಂಟಿಮೀಟರ್ ಉದ್ದ ಇರುತ್ತದೆ. ಸಸ್ಯಕೋಶದ ಒತ್ತಡವನ್ನು ನೇರವಾಗಿ ಅಳೆಯಲು ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ. 1967ರಲ್ಲಿ ಪಾಲ್ ಗ್ರೀನ್ ಮತ್ತು ಸ್ಟಾಂಟನ್ ಇದೇ ಬಳಗದ ನೈಟೆಲ್ಲಾ ಕೋಶದೊಳಗೆ ಪುಟ್ಟ ಮ್ಯಾನೋಮೀಟರ್ ತೂರಿಸಿ ಒತ್ತಡ ಓದಿದರು. ಇವತ್ತು ನಾವು ಬಳಸುವ ಎಣ್ಣೆ ತುಂಬಿದ ಪ್ರೋಬ್ ಜರ್ಮನಿಯಲ್ಲಿ ಝಿಮ್ಮರ್‌ಮನ್, ಸ್ಟಾಯ್ಡ್ಲೆ ಮತ್ತು ಜೊತೆಗಾರರ ಕೈಯಲ್ಲಿ ಬೆಳೆದದ್ದು. ಮೊದಲು ದೈತ್ಯ ಪಾಚಿಕೋಶಗಳಿಗೆ ಮಾಡಿದರು. 1978ರಲ್ಲಿ ಅದನ್ನು ಸಾಮಾನ್ಯ ಗಿಡಗಳ ಸಣ್ಣ ಕೋಶಗಳಿಗೂ ಒಗ್ಗಿಸಿದರು.

ಕೆಲಸ ಮಾಡುವ ರೀತಿ ಸರಳ. ತುದಿ ಸಣ್ಣದಾಗಿ ಎಳೆದ ಗಾಜಿನ ಸೂಜಿ. ಅದರ ಹಿಂದೆ ಸಿಲಿಕೋನ್ ಎಣ್ಣೆ ತುಂಬಿದ ಚಿಕ್ಕ ಕೋಣೆ. ಕೋಣೆಗೆ ಒಂದು ಪ್ರೆಷರ್ ಸೆನ್ಸರ್, ಜೊತೆಗೆ ಸ್ಕ್ರೂ ತಿರುಗಿಸಿದರೆ ಒಳಹೋಗುವ ಲೋಹದ ಕಡ್ಡಿ. ಕೋಶಕ್ಕೆ ಚುಚ್ಚಿದಾಗ ರಸ ಸೂಜಿಯೊಳಗೆ ನುಗ್ಗುತ್ತದೆ. ಕಡ್ಡಿ ಒತ್ತಿ ಅದನ್ನು ತುದಿಯ ಹತ್ತಿರಕ್ಕೆ ವಾಪಸ್ ತಳ್ಳುತ್ತೇವೆ. ರಸ ಮತ್ತು ಎಣ್ಣೆ ಸೇರುವ ಗಡಿಯೇ ಮೆನಿಸ್ಕಸ್. ಅದು ಒಂದೇ ಜಾಗದಲ್ಲಿ ಅಲುಗದೆ ನಿಂತಾಗ ಸೆನ್ಸರ್ ತೋರಿಸುವುದು ಕೋಶದ ಒತ್ತಡ, ಅಂದರೆ ಟರ್ಗರ್.

ಆರೋಗ್ಯವಾದ ಕಾರಾ ಕೋಶದಲ್ಲಿ ಟರ್ಗರ್ 0.5ರಿಂದ 0.6 ಮೆಗಾಪಾಸ್ಕಲ್ ಆಸುಪಾಸು ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅಷ್ಟು ಒತ್ತಡವನ್ನು ಹಿಡಿದಿರುವುದು ಕೆಲವೇ ಮೈಕ್ರೋಮೀಟರ್ ದಪ್ಪದ ಗೋಡೆ. ಆ ಗೋಡೆಗೆ ನೀವು ತೂತು ಮಾಡಿದ್ದೀರಿ. ಗಾಜಿನ ಸುತ್ತ ಅದು ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳುತ್ತದೆ ಅನ್ನುವುದು ನನಗೆ ಈಗಲೂ ಅಚ್ಚರಿಯ ವಿಷಯ.

ಮೆನಿಸ್ಕಸ್ ಯಾವ ಕಡೆ ಹೊರಟಿದೆ?

ಸ್ಕ್ರೂ ಮುಟ್ಟದೆ ನೋಡಿ. ಒತ್ತಡ ಇಳಿಯುತ್ತಿದೆ, ಮೆನಿಸ್ಕಸ್ ಕೋಶದಿಂದ ದೂರ ಸರಿದು ಪ್ರೋಬ್ ಕಡೆಗೆ ಹೋಗುತ್ತಿದೆ ಅಂದರೆ ಎಣ್ಣೆ ಎಲ್ಲೋ ಹೊರಗೆ ಹೋಗುತ್ತಿದೆ. ಆ ಜಾಗ ತುಂಬಲು ಕೋಶದ ರಸ ಒಳಗೆ ಬರುತ್ತಿದೆ. ದೋಷ ಪ್ರೋಬಿನದು. ಸ್ಕ್ರೂ ಸ್ವಲ್ಪ ಸ್ವಲ್ಪ ಒಳಗೆ ತಿರುಗಿಸುತ್ತಾ ಹೋದರೆ ಮೆನಿಸ್ಕಸ್ ನಿಲ್ಲುತ್ತದೆ, ಒತ್ತಡವೂ ನಿಲ್ಲುತ್ತದೆ. ಆದರೆ ಕಡ್ಡಿ ಒಳಹೋಗುತ್ತಲೇ ಇರಬೇಕಾಗುತ್ತದೆ.

ಒತ್ತಡ ಇಳಿಯುತ್ತಿದೆ, ಮೆನಿಸ್ಕಸ್ ಮಾತ್ರ ಕೋಶದ ಕಡೆಗೆ ಹೋಗುತ್ತಿದೆ ಅಂದರೆ ಕತೆ ತಿರುಗಾಮುರುಗಾ. ಕೋಶದೊಳಗಿನ ಒತ್ತಡವೇ ಬೀಳುತ್ತಿದೆ, ಎಣ್ಣೆ ಅದರ ಹಿಂದೆ ಹೋಗುತ್ತಿದೆ. ಮೆನಿಸ್ಕಸ್ ನಿಲ್ಲಿಸಬೇಕಾದರೆ ಕಡ್ಡಿಯನ್ನು ಹೊರಗೆ ಎಳೆಯಬೇಕು. ಹಾಗೆ ಎಳೆದಷ್ಟೂ ಸಂಖ್ಯೆ ಇನ್ನಷ್ಟು ಇಳಿಯುತ್ತದೆ. ದೋಷ ಕೋಶದ ಕಡೆಯದು: ಗಾಯ ಸೋರುತ್ತಿದೆ, ಅಥವಾ ಪೊರೆ ಹಾಳಾಗಿದೆ.

ಮೂರನೆಯದೂ ಒಂದಿದೆ. ಒತ್ತಡ ಬದಲಾಗುತ್ತಿದೆ, ಮೆನಿಸ್ಕಸ್ ಅಲುಗುವುದೇ ಇಲ್ಲ. ಸ್ಕ್ರೂ ತಿರುಗಿಸಿದರೆ ಸಂಖ್ಯೆ ಮಾತ್ರ ಕುಣಿಯುತ್ತದೆ. ಸೂಜಿಯ ತುದಿ ಕಟ್ಟಿಕೊಂಡಿದೆ ಅಂತ ಅರ್ಥ. ಈಗ ಸೆನ್ಸರ್ ತೋರಿಸುತ್ತಿರುವುದು ಮುಚ್ಚಿದ ಎಣ್ಣೆ ಕೋಣೆಯ ಒತ್ತಡವನ್ನು. ಕೋಶಕ್ಕೂ ಅದಕ್ಕೂ ಸಂಬಂಧ ಕಡಿದಿದೆ. ಮೂರರಲ್ಲಿ ಅತಿ ಅಪಾಯದ್ದು ಇದೇ. ಯಾಕಂದರೆ ಕಟ್ಟಿಕೊಂಡ ಸೂಜಿ ಕೆಲವೊಮ್ಮೆ ತುಂಬಾ ಸುಂದರವಾದ, ಅಲುಗದ ಗೆರೆ ಬರೆಯುತ್ತದೆ. ಆ ಗೆರೆ ನೋಡಿ ಖುಷಿಪಟ್ಟು ಮಧ್ಯಾಹ್ನವಿಡೀ ದಾಖಲಿಸಿದರೆ ಸಿಗುವುದು ಎಣ್ಣೆಯ ಉಷ್ಣತೆಯ ದಾಖಲೆ ಅಷ್ಟೇ.

ಹಾಗಾಗಿ ಒತ್ತಡ ಸ್ಥಿರವಾಗಿದ್ದಾಗಲೂ ಆಗಾಗ ಪರೀಕ್ಷೆ ಮಾಡಿ. ಸ್ಕ್ರೂವನ್ನು ಕೂದಲೆಳೆಯಷ್ಟು ಒಳಗೆ, ಹೊರಗೆ ಆಡಿಸಿ. ಮೆನಿಸ್ಕಸ್ ಕೂಡಲೇ ಹೋಗಿ ಬರಬೇಕು. ಬರಲಿಲ್ಲ ಅಂದರೆ ಹಿಂದಿನ ಪರೀಕ್ಷೆಯಿಂದ ಇಲ್ಲಿಯವರೆಗಿನ ದತ್ತಾಂಶ ನಂಬಬೇಡಿ.

ಸೂಜಿ ಕಟ್ಟಿಕೊಂಡಾಗ

ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಕೋಶದ್ರವ್ಯ. ಕಾರಾ ಕೋಶದ ಬಹುಪಾಲು ಜಾಗ ತೆಳ್ಳಗಿನ ರಸ ತುಂಬಿದ ರಸದಾನಿ. ಅದರ ಸುತ್ತ, ಗೋಡೆಗೆ ಅಂಟಿಕೊಂಡಂತೆ, ಕೋಶದ್ರವ್ಯದ ತೆಳು ಪದರ. ಸೂಜಿ ಆ ಪದರ ದಾಟಿ ರಸದಾನಿಗೆ ಹೋಗಬೇಕು. ಅರ್ಧಕ್ಕೇ ನಿಂತರೆ ಜಿಗುಟಾದ ದ್ರವ್ಯ ತುದಿಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಳಹೋದರೂ ಗಂಟೆಗಟ್ಟಲೆ ಬಿಟ್ಟರೆ ಕೋಶ ಗಾಯಕ್ಕೆ ಹೊಸ ಗೋಡೆವಸ್ತು ತಂದು ಹಾಕುತ್ತದೆ. ಆಗಲೂ ಬಾಯಿ ಮುಚ್ಚುತ್ತದೆ.

ಮೊದಲ ಉಪಾಯ: ಚಿಕ್ಕ, ಚುರುಕಾದ ಒತ್ತಡದ ತಳ್ಳು. 0.05 ಮೆಗಾಪಾಸ್ಕಲ್ ಮೇಲೆ, ಕೂಡಲೇ ಕೆಳಗೆ. ಎರಡು ಮೂರು ಸಲ ಮಾಡಿದರೆ ಅನೇಕ ಸಲ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಸೂಜಿಯನ್ನು ಸ್ವಲ್ಪವೇ ಮುಂದೆ ಒತ್ತಿ. ಅದೂ ಆಗದಿದ್ದರೆ ಬಿಟ್ಟುಬಿಡಿ. ದೊಡ್ಡ ಒತ್ತಡ ಹಾಕಿ ಅಡ್ಡಿಯನ್ನು ಒಡೆದರೆ ಎಣ್ಣೆಯ ಹನಿ ಕೋಶದೊಳಗೆ ಹಾರುತ್ತದೆ. ಆ ಕೋಶದ ಮುಂದಿನ ಅಳತೆಗಳಿಗೆ ಅರ್ಥವೇ ಇರುವುದಿಲ್ಲ.

ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ಕೋಶವನ್ನು ದೂರಬೇಡಿ. ಸೂಜಿ ಮಾಡುವ ಮೇಜಿಗೆ ವಾಪಸ್ ಹೋಗಿ. ಕಾರಾದಂಥ ದೊಡ್ಡ ಕೋಶಕ್ಕೆ ತೀರಾ ಸಣ್ಣ ತುದಿ ಬೇಕಿಲ್ಲ. ಎಲೆಯ ಕೋಶಕ್ಕೆ ಮಾಡಿದ ಕೆಲವೇ ಮೈಕ್ರೋಮೀಟರ್ ತುದಿಯನ್ನು ಇಲ್ಲಿ ಬಳಸಿದರೆ ಕಟ್ಟಿಕೊಳ್ಳುವುದು ಸಹಜ. ಇನ್ನೊಂದು ಕಾರಣ ತುದಿಯನ್ನು ಓರೆಯಾಗಿ ಉಜ್ಜಿದಾಗ ಉಳಿದ ಗಾಜಿನ ಪುಡಿ. ಉಜ್ಜಿದ ಮೇಲೆ ಒಳಗಿನಿಂದ ಹೊರಗೆ ದ್ರಾವಕ ಹಾಯಿಸಿ ತೊಳೆಯಬೇಕು, ಒಣಗಿಸಬೇಕು, 400 ಪಟ್ಟು ದೊಡ್ಡದು ಮಾಡಿ ನೋಡಬೇಕು. ಬೆಳಗಿನ ಒಂದು ಗಂಟೆ ಇದಕ್ಕೆ ಕೊಟ್ಟರೆ ಸಂಜೆಯವರೆಗಿನ ಕೆಲಸ ಉಳಿಯುತ್ತದೆ. ಹೊಸಬರಿಗೆ ನಾನು ಮೊದಲು ಕಲಿಸುವುದು ಸೂಜಿ ಎಳೆಯುವುದನ್ನೇ. ಕೋಶ ಚುಚ್ಚುವುದು ಆಮೇಲೆ.

ಪ್ರೋಬ್ ಸೋರುವಾಗ

ಪ್ರೋಬನ್ನು ಕೋಶದಿಂದ ಬೇರೆ ಮಾಡಿ ಪರೀಕ್ಷಿಸುವುದು ಸುಲಭ. ತುದಿ ಮುಚ್ಚಿದ ಸೂಜಿ ಹಾಕಿ. ಜ್ವಾಲೆಯಲ್ಲಿ ಕರಗಿಸಿ ಮುಚ್ಚಬಹುದು, ಗಟ್ಟಿಯಾಗುವ ಅಂಟಲ್ಲೂ ಮುಚ್ಚಬಹುದು. ಒತ್ತಡವನ್ನು 0.6ಕ್ಕೆ ಏರಿಸಿ ಹತ್ತು ನಿಮಿಷ ಬಿಡಿ. ನಿಂತರೆ ಪ್ರೋಬ್ ಚೆನ್ನಾಗಿದೆ. ಇಳಿದರೆ ಹುಡುಕಾಟ ಶುರು.

ಅನುಮಾನ ಪಡಬೇಕಾದ ಜಾಗ ಮೂರೇ: ಸೂಜಿ ಕೂರುವ ರಬ್ಬರ್, ಕಡ್ಡಿ ಹೋಗುವ ರಬ್ಬರ್, ಸೆನ್ಸರಿನ ತಿರುಪು. ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಪ್ರತಿಯೊಂದರ ಸುತ್ತ ಟಿಶ್ಯೂ ಪೇಪರ್ ಚೂರು ಸುತ್ತಿ. ಒತ್ತಡ ಹಾಕಿ ಕಾಯಿರಿ. ಎಣ್ಣೆಯ ಕಲೆ ಎಲ್ಲಿ ಬಿತ್ತೋ ಅಲ್ಲೇ ದೋಷ. ಇಷ್ಟು ಮಾಡದೆ ಎಲ್ಲವನ್ನೂ ಬಿಗಿ ಮಾಡಿದರೆ ಸೂಜಿ ಒಡೆಯುತ್ತದೆ, ಚೆನ್ನಾಗಿದ್ದ ರಬ್ಬರೂ ಹಾಳಾಗುತ್ತದೆ.

ಒಂದು ಎಚ್ಚರಿಕೆ. ಹೊಸದಾಗಿ ಬಿಗಿ ಮಾಡಿದ ರಬ್ಬರ್ ಸ್ವಲ್ಪ ಹೊತ್ತು ಸಡಿಲವಾಗುತ್ತಾ ಹೋಗುತ್ತದೆ. ಆಗ ಒತ್ತಡ ಮೊದಲು ಬೇಗ, ಆಮೇಲೆ ನಿಧಾನವಾಗಿ ಇಳಿದು, ಕೊನೆಗೆ ನಿಲ್ಲುತ್ತದೆ. ಸೋರಿಕೆ ಹಾಗೆ ನಿಲ್ಲುವುದಿಲ್ಲ. ಬಿಗಿ ಮಾಡಿದ ದಿನ ಪ್ರೋಬನ್ನು ಒತ್ತಡದಲ್ಲಿ ಇಟ್ಟು ಊಟಕ್ಕೆ ಹೋಗಿ ಬನ್ನಿ, ಆಮೇಲೆ ತೀರ್ಮಾನ ಮಾಡಿ.

ಗಾಳಿಗುಳ್ಳೆ

ಇದು ಸೋರಿಕೆಯಲ್ಲ, ಆದರೆ ಸೋರಿಕೆಯ ವೇಷ ಹಾಕುತ್ತದೆ. ಎಣ್ಣೆ ತುಂಬುವಾಗ ಮೂಲೆಯಲ್ಲಿ ಒಂದು ಗುಳ್ಳೆ ಉಳಿದುಬಿಟ್ಟಿರುತ್ತದೆ. ಅದು 1 ಮೈಕ್ರೋಲೀಟರ್ ಇದೆ ಅಂದುಕೊಳ್ಳಿ. ಹೊರಗಿನ ಗಾಳಿಯ ಒತ್ತಡ ಸುಮಾರು 0.1 ಮೆಗಾಪಾಸ್ಕಲ್. ಅದರ ಮೇಲೆ ಕೋಶದ 0.6 ಸೇರಿದರೆ ಒಟ್ಟು 0.7. ಗುಳ್ಳೆ ಏಳನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅಂದರೆ ಸುಮಾರು 0.86 ಮೈಕ್ರೋಲೀಟರ್ ಎಣ್ಣೆ ಆ ಜಾಗ ತುಂಬಲು ಹೋಯಿತು.

ಇದನ್ನು ಕೋಶದ ಪಕ್ಕ ಇಟ್ಟು ನೋಡಿ. 5 ಸೆಂಟಿಮೀಟರ್ ಉದ್ದ, 0.8 ಮಿಲಿಮೀಟರ್ ದಪ್ಪದ ಕೋಶದ ಗಾತ್ರ ಸುಮಾರು 25 ಮೈಕ್ರೋಲೀಟರ್. ಗೋಡೆಯ ಬಿಗಿತ, ಅಂದರೆ ಗಾತ್ರದ ಸ್ಥಿತಿಸ್ಥಾಪಕ ಗುಣಾಂಕ, 30 ಮೆಗಾಪಾಸ್ಕಲ್ ಅಂತ ಹಿಡಿದರೆ ಆ ಕೋಶದ ಪೂರ್ತಿ 0.6 ಮೆಗಾಪಾಸ್ಕಲ್ ಒತ್ತಡ ನಿಂತಿರುವುದು ಗಾತ್ರದ ಶೇಕಡ 2ರಷ್ಟು ಹಿಗ್ಗಿನ ಮೇಲೆ. ಅಂದರೆ ಅರ್ಧ ಮೈಕ್ರೋಲೀಟರ್! ಕಣ್ಣಿಗೆ ಕಂಡೂ ಕಾಣದ ಒಂದು ಗುಳ್ಳೆ ಇಡೀ ಕೋಶದ ಹಿಗ್ಗನ್ನೇ ನುಂಗಿಬಿಡುತ್ತದೆ. ಕೋಶ ಹೊರಗಿನಿಂದ ನೀರು ಎಳೆದುಕೊಂಡು ಆ ನಷ್ಟ ತುಂಬಿಕೊಳ್ಳುತ್ತದೆ, ನಿಜ. ಆದರೆ ಗಾಯದ ಹತ್ತಿರ ಅಷ್ಟು ರಸ ರಭಸದಿಂದ ಹೊರಬಂದದ್ದರ ಏಟು ಉಳಿಯುತ್ತದೆ.

ಪತ್ತೆ ಹಚ್ಚಲು ಅದೇ ಮುಚ್ಚಿದ ಸೂಜಿ ಸಾಕು. ಸ್ಕ್ರೂವನ್ನು ಒಂದೇ ಅಳತೆಯಲ್ಲಿ ತಿರುಗಿಸುತ್ತಾ ಒತ್ತಡ ಬರೆದುಕೊಳ್ಳಿ. ಗುಳ್ಳೆ ಇಲ್ಲದಿದ್ದರೆ ಮೊದಲ ತಿರುವಿನಿಂದಲೇ ನೇರ ಗೆರೆ ಬರುತ್ತದೆ. ಗುಳ್ಳೆ ಇದ್ದರೆ ಶುರುವಿನಲ್ಲಿ ಮೆತ್ತಗಿದ್ದು, ಒತ್ತಡ ಏರಿದ ಹಾಗೆ ಕಡಿದಾಗುತ್ತದೆ. ಎಣ್ಣೆಯನ್ನು ತುಂಬುವ ಮೊದಲು ನಿರ್ವಾತದಲ್ಲಿ ಇಟ್ಟು ಗಾಳಿ ತೆಗೆಯಿರಿ. ತುಂಬುವಾಗ ಪ್ರೋಬನ್ನು ಓರೆ ಹಿಡಿದು, ಅತಿ ಎತ್ತರದ ತೂತಿನಿಂದ ಗಾಳಿ ಹೊರಬರಲು ಬಿಡಿ.

ಎಸಿ, ದೀಪ, ಕೈಬಿಸಿ

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದು. ಇದನ್ನು ಯಾರೂ ಮೊದಲು ಅನುಮಾನಿಸುವುದಿಲ್ಲ ಅನ್ನುವುದೇ ಕಾರಣ.

ಸಿಲಿಕೋನ್ ಎಣ್ಣೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಸಾವಿರದಲ್ಲಿ ಒಂದು ಭಾಗ ಹಿಗ್ಗುತ್ತದೆ. ಕೋಣೆಯಲ್ಲಿ 200 ಮೈಕ್ರೋಲೀಟರ್ ಎಣ್ಣೆ ಇದೆ ಅನ್ನಿ. ಉಷ್ಣತೆ ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ ಏರಿದರೂ 20 ನ್ಯಾನೋಲೀಟರ್ ಹಿಗ್ಗುತ್ತದೆ. ಮೆನಿಸ್ಕಸ್ ಇರುವ ಜಾಗದಲ್ಲಿ ಸೂಜಿಯ ಒಳ ಅಗಲ 50 ಮೈಕ್ರೋಮೀಟರ್ ಆದರೆ ಅಷ್ಟು ಎಣ್ಣೆ ಹಿಡಿಯಲು 10 ಮಿಲಿಮೀಟರ್ ಉದ್ದ ಬೇಕು! ಲೋಹದ ಕೋಣೆಯೂ ಸ್ವಲ್ಪ ಹಿಗ್ಗುವುದರಿಂದ ಮೆನಿಸ್ಕಸ್ ನಿಜವಾಗಿ ಸರಿಯುವ ದೂರ ಇಷ್ಟಿರುವುದಿಲ್ಲ. ಆದರೂ ಮೆನಿಸ್ಕಸ್ ನೋಟದಿಂದಲೇ ಓಡಿಹೋಗಲು ಇದು ಬೇಕಾದಷ್ಟಾಯಿತು. ತುದಿ ಕಟ್ಟಿಕೊಂಡಿದ್ದರೆ ಆ ಹಿಗ್ಗೆಲ್ಲ ಒತ್ತಡವಾಗಿ ಕಾಣುತ್ತದೆ.

ಲಕ್ಷಣ ಹೀಗಿರುತ್ತದೆ: ಮೆನಿಸ್ಕಸ್ ಒಂದು ಕಡೆ ಹೋಗುತ್ತದೆ, ಕೆಲವು ನಿಮಿಷದ ಮೇಲೆ ಇನ್ನೊಂದು ಕಡೆ. ಮತ್ತೆ ಮೊದಲಿನ ಕಡೆ. ಸೋರಿಕೆ ಒಂದೇ ದಿಕ್ಕಿಗೆ ಹೋಗುತ್ತದೆ. ಹೋಗಿ ಬರುವುದು ಎಸಿಯ ಕಂಪ್ರೆಸರ್ ಓಡಿ ನಿಲ್ಲುವ ತಾಳ. ಪ್ರೋಬಿಗೆ ಸಣ್ಣ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿಸಿ, ಒತ್ತಡದ ಜೊತೆಗೇ ಅದನ್ನೂ ದಾಖಲಿಸಿ. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಅನುಮಾನ ಉಳಿಯುವುದಿಲ್ಲ. ಪ್ರೋಬಿನ ಸುತ್ತ ಥರ್ಮಾಕೋಲ್ ಗೂಡು ಕಟ್ಟಿ. ಎಸಿಯ ಗಾಳಿ ಮೇಜಿಗೆ ಬೀಳದಂತೆ ತಿರುಗಿಸಿ. ಬೆಳಕಿಗೆ ತಣ್ಣನೆಯ ಎಲ್‌ಇಡಿ ಬಳಸಿ. ಸ್ಕ್ರೂವನ್ನು ಬೆರಳಿನಿಂದ ತಿರುಗಿಸಿ ಕೈಯನ್ನು ಪ್ರೋಬಿನ ಮೇಲೇ ಇಟ್ಟುಕೊಳ್ಳುವ ಅಭ್ಯಾಸ ಎಷ್ಟೋ ಜನಕ್ಕೆ ಇದೆ. ಅಂಗೈ ಬಿಸಿ ಎಣ್ಣೆಗೆ ತಲುಪಲು ಹೆಚ್ಚು ಹೊತ್ತು ಬೇಡ. ಸ್ಕ್ರೂ ತಿರುಗಿಸಲು ಮೋಟರ್ ಇದ್ದರೆ ಒಳ್ಳೆಯದು.

ಬಾಗಿಲ ಮೇಲೆ ಒಂದು ಚೀಟಿ ಹಾಕಿ: ಅಳತೆ ನಡೆಯುತ್ತಿದೆ, ತೆರೆಯಬೇಡಿ. ಲ್ಯಾಬಿನಲ್ಲಿ ಎಲ್ಲರೂ ಒಬ್ಬರ ಕೆಲಸಕ್ಕೊಬ್ಬರು ಹೊಂದಿಕೊಂಡು ಬದುಕಬೇಕು. ಈ ಚೀಟಿಯನ್ನು ಗೌರವಿಸುವ ಸಹೋದ್ಯೋಗಿಗಳು ಸಿಕ್ಕರೆ ನೀವು ಪುಣ್ಯವಂತರು.

ವಿದ್ಯುತ್ ಗಲಾಟೆ, ಸೊನ್ನೆಯ ಗಲಾಟೆ

ಒತ್ತಡದ ಗೆರೆ ದಪ್ಪಗೆ, ಒರಟಾಗಿ ಕಂಡರೆ ಹಿಗ್ಗಿಸಿ ನೋಡಿ. ಸೆಕೆಂಡಿಗೆ 50 ಅಲೆ ಇದ್ದರೆ ಅದು ಮೇನ್ಸ್ ಕರೆಂಟು. ಅರ್ತಿಂಗ್ ಒಂದೇ ಬಿಂದುವಿಗೆ ಬರುವಂತೆ ಮಾಡಿ. ಅಷ್ಟು ಸಾಕು.

ಸೊನ್ನೆಯ ವಿಷಯ ಸ್ವಲ್ಪ ಸೂಕ್ಷ್ಮ. ಸೆನ್ಸರ್ ಎರಡು ಬಗೆ. ಒಂದು ಹೊರಗಾಳಿಗಿಂತ ಎಷ್ಟು ಜಾಸ್ತಿ ಅಂತ ತೋರಿಸುತ್ತದೆ. ಇನ್ನೊಂದು ನಿರ್ವಾತದಿಂದ ಲೆಕ್ಕ ಹಾಕುತ್ತದೆ. ಎರಡನೆಯ ಬಗೆಯದಾದರೆ ಗಾಳಿಯ ಒತ್ತಡವನ್ನು ಕಳೆಯಬೇಕು. ಪುಸ್ತಕದಲ್ಲಿರುವ 0.101 ಕಳೆದರೆ ಸಮುದ್ರದ ದಡದಲ್ಲಿ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.091. ಮಂಗಳೂರಿನಲ್ಲಿ ಸೊನ್ನೆ ಮಾಡಿದ ಪ್ರೋಬನ್ನು ಹಾಗೇ ಬೆಂಗಳೂರಿಗೆ ತಂದರೆ 0.01 ಮೆಗಾಪಾಸ್ಕಲ್ ತಪ್ಪು ಕೂತುಬಿಡುತ್ತದೆ. ಪ್ರತಿ ಚುಚ್ಚುವಿಕೆಗೂ ಮೊದಲು, ತುದಿಯನ್ನು ಕೋಶ ಇರುವ ನೀರಿನಲ್ಲೇ ಅದ್ದಿ, ಮೆನಿಸ್ಕಸ್ಸನ್ನು ಆಮೇಲೆ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಸೊನ್ನೆ ತಗೊಳ್ಳಿ. ಯಾಕಂದರೆ ಎಣ್ಣೆ ಮತ್ತು ನೀರಿನ ನಡುವಿನ ಮೇಲ್ಮೈ ಸೆಳೆತವೂ ಒತ್ತಡ ಸೇರಿಸುತ್ತದೆ. 5 ಮೈಕ್ರೋಮೀಟರ್ ತ್ರಿಜ್ಯದ ಕೊಳವೆಯಲ್ಲಿ ಅದು ಸುಮಾರು 0.016 ಮೆಗಾಪಾಸ್ಕಲ್ ಆಗುತ್ತದೆ. ಅಗಲ ಜಾಸ್ತಿ ಇರುವ ಕಡೆ ನಿಲ್ಲಿಸಿದರೆ ಕಡಿಮೆ.

ಈಗ ಕೋಶದ ಕಡೆಗೆ

ಮೆನಿಸ್ಕಸ್ ಕೋಶದ ಕಡೆ ಹೋಗುತ್ತಿದೆ, ಪ್ರೋಬ್ ಮುಚ್ಚಿದ ಸೂಜಿಯ ಪರೀಕ್ಷೆ ದಾಟಿದೆ ಅನ್ನೋಣ. ಈಗ ಕೇಳಬೇಕಾದದ್ದು ಒಂದೇ: ಕೋಶ ಬದುಕಿದೆಯಾ?

ಉತ್ತರ ಕೊಡುವ ಗಡಿಯಾರ ಕಾರಾದೊಳಗೇ ಓಡುತ್ತಿರುತ್ತದೆ. 1774ರಲ್ಲಿ ಇಟಲಿಯ ಬೊನವೆಂಚುರಾ ಕೋರ್ತಿ ಕಾರಾ ಕೋಶದೊಳಗೆ ದ್ರವ್ಯ ಹರಿಯುವುದನ್ನು ಮೊದಲು ಕಂಡರು. ಒಂದು ಬದಿಯಲ್ಲಿ ಮೇಲೆ, ಇನ್ನೊಂದು ಬದಿಯಲ್ಲಿ ಕೆಳಗೆ, ಎಡೆಬಿಡದೆ ಸುತ್ತುತ್ತದೆ. ಕೋಣೆಯ ಉಷ್ಣತೆಯಲ್ಲಿ ವೇಗ ಸೆಕೆಂಡಿಗೆ ಸುಮಾರು 50ರಿಂದ 100 ಮೈಕ್ರೋಮೀಟರ್. ಮೈಕ್ರೋಸ್ಕೋಪಿನ ಕಣ್ಣಿನಗಾಜಿನ ಅಳತೆಪಟ್ಟಿ ಮತ್ತು ಸ್ಟಾಪ್‌ವಾಚ್ ಇದ್ದರೆ ಯಾರು ಬೇಕಾದರೂ ಅಳೆಯಬಹುದು. ಎಷ್ಟು ವರ್ಷ ನೋಡಿದರೂ ನನಗೆ ಸಾಕಾಗದ ನೋಟ ಇದು.

ಸೂಜಿ ಚುಚ್ಚಿದ ಕೂಡಲೇ ಈ ಹರಿವು ಪಟ್ಟನೆ ನಿಲ್ಲುತ್ತದೆ. ಹೊಸಬರು ಇಲ್ಲೇ ಗಾಬರಿಯಾಗಿ ಕೋಶ ಸತ್ತಿತು ಅಂದುಕೊಂಡು ಎಸೆಯುತ್ತಾರೆ. ಸತ್ತಿಲ್ಲ. ಚುಚ್ಚಿದ್ದಕ್ಕೆ ಕೋಶದಲ್ಲಿ ವಿದ್ಯುತ್ ಸಂಕೇತ ಹುಟ್ಟಿದೆ, ಕೋಶದ್ರವ್ಯದಲ್ಲಿ ಕ್ಯಾಲ್ಸಿಯಂ ಏರಿದೆ, ಅದರಿಂದ ಹರಿವು ನಿಂತಿದೆ. ಕೆಲವು ನಿಮಿಷಗಳಲ್ಲಿ ನಿಧಾನವಾಗಿ ಶುರುವಾಗಿ ಮೊದಲಿನ ವೇಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಯಾವ ಅಳತೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಡಿ. ಅರ್ಧ ಗಂಟೆಯಾದರೂ ಹರಿವು ಬರಲಿಲ್ಲ, ಹಸಿರು ಕಣಗಳ ಸಾಲು ಕದಡಿಹೋಗಿದೆ ಅಂದರೆ ಆಗ ಕೋಶ ಹೋಯಿತು ಅನ್ನಿ.

ಹರಿವು ಚೆನ್ನಾಗಿದೆ, ಆದರೂ ಒತ್ತಡ ಇಳಿಯುತ್ತಿದೆ ಅಂದರೆ ಗಾಜಿನ ಸುತ್ತ ಗಾಯ ಸೋರುತ್ತಿದೆ. ಇದರ ಇಳಿತಕ್ಕೆ ಒಂದು ಗುರುತು ಇದೆ. ಮೊದಲ ಅರ್ಧ ನಿಮಿಷ ಜೋರಾಗಿ ಬೀಳುತ್ತದೆ. ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಯಾಕೆ ಹೀಗೆ? ರಸ ಸೋರಿದಷ್ಟೂ ಹೊರಗಿನಿಂದ ನೀರು ಒಳಗೆ ಬರುತ್ತದೆ. ಎರಡೂ ಸಮ ಆದಾಗ ಮೊದಲ ಬೀಳು ನಿಲ್ಲುತ್ತದೆ. ಆದರೆ ಹೋಗುತ್ತಿರುವುದು ಲವಣ ತುಂಬಿದ ರಸ, ಬರುತ್ತಿರುವುದು ಹೆಚ್ಚುಕಡಿಮೆ ಬರೀ ನೀರು. ಒಳಗಿನ ರಸ ತೆಳ್ಳಗಾಗುತ್ತಾ ಹೋಗುತ್ತದೆ, ಅದರ ಜೊತೆ ಟರ್ಗರ್ ಕೂಡ. ಮೇಲೆ ಹೇಳಿದ ಗಾತ್ರದ ಕೋಶಕ್ಕೆ ಲೆಕ್ಕ ಹಾಕಿದರೆ, ಮೊದಲ ಬೀಳು 0.1 ಮೆಗಾಪಾಸ್ಕಲ್ ಇದ್ದಾಗ ಸೋರಿಕೆ ನಿಮಿಷಕ್ಕೆ ಮುಕ್ಕಾಲು ಮೈಕ್ರೋಲೀಟರ್ ಹತ್ತಿರ ಬರುತ್ತದೆ. ಅದು ಕೋಶದ ರಸದ ಶೇಕಡ 3. ನೀರಿನೊಳಗೆ ಇದು ಕಣ್ಣಿಗೆ ಕಾಣುವುದಿಲ್ಲ. ಗಾಯದ ಭಾಗವನ್ನು ಒಂದು ಕ್ಷಣ ನೀರಿನಿಂದ ಮೇಲೆ ಎತ್ತಿದರೆ ಗಾಜಿನ ಬುಡದಲ್ಲಿ ಹನಿ ಕೂಡುವುದು ಕಾಣುತ್ತದೆ.

ಸೋರುವ ಗಾಯಕ್ಕೆ ಕಾರಣ ಬಹಳ ಸಲ ಸೂಜಿ ಹೋದ ಕೋನ. ಗೋಡೆಗೆ ನೇರವಾಗಿ, ಒಂದೇ ಚಲನೆಯಲ್ಲಿ ಹೋಗಬೇಕು. ಒಳಹೋದ ಮೇಲೆ ಪಕ್ಕಕ್ಕೆ ಕದಲಬಾರದು. ಮೇಜಿನ ಕಂಪನವೂ ತೂತನ್ನು ಅಗಲ ಮಾಡುತ್ತದೆ. ಪಕ್ಕದ ಮೇಜಲ್ಲಿ ಸೆಂಟ್ರಿಫ್ಯೂಜ್ ಓಡುತ್ತಿದೆಯಾ ನೋಡಿ.

ಜಾತಿಯೂ ಮುಖ್ಯ. ಕಾರಾ ಕೊರಾಲಿನಾ, ಕಾರಾ ಬ್ರೌನೀ ಕೋಶಗಳು ಬರಿಮೈಯವು. ನೈಟೆಲ್ಲಾ ಕೂಡ ಹಾಗೇ. ಆದರೆ ಅನೇಕ ಕಾರಾ ಜಾತಿಗಳಲ್ಲಿ ದೊಡ್ಡ ಕೋಶದ ಸುತ್ತ ಸಣ್ಣ ಕೋಶಗಳ ಹೊದಿಕೆ ಇರುತ್ತದೆ, ಅದರ ಮೇಲೆ ಸುಣ್ಣದ ಪದರ. ಕೆರೆಯಿಂದ ಸುಮ್ನೆ ತಂದ ಗಿಡ ಇಂಥದ್ದಾದರೆ ಸೂಜಿಯ ತುದಿ ಸುಣ್ಣಕ್ಕೆ ಒಡೆಯುತ್ತದೆ. ಒಡೆಯದಿದ್ದರೆ ನೀವು ಅಳೆಯುವುದು ಹೊದಿಕೆಯ ಕೋಶದ ಒತ್ತಡ ಇರಬಹುದು.

ಬೇರ್ಪಡಿಸಿದ ಕೋಶಕ್ಕೆ ವಿಶ್ರಾಂತಿ ಕೊಡಿ. ಪಕ್ಕದ ಕೋಶಗಳನ್ನು ಕತ್ತರಿಸಿದ ಕೂಡಲೇ ಚುಚ್ಚಬೇಡಿ. ಎರಡೂ ಕಡೆಯ ಗೆಣ್ಣು ಹಾಳಾಗದೆ ಇರಲಿ. ರಾತ್ರಿಯಿಡೀ ಕೃತಕ ಕೆರೆನೀರಿನಲ್ಲಿ ಬಿಟ್ಟು, ಬೆಳಿಗ್ಗೆ ಹರಿವು ನೋಡಿ ಆರಿಸಿಕೊಳ್ಳಿ. ಈ ನೀರಿನಲ್ಲಿ ಬೇಕಾದ್ದು ಲೀಟರಿಗೆ 1 ಮಿಲಿಮೋಲ್ ಸೋಡಿಯಂ ಕ್ಲೋರೈಡ್, 0.1 ಪೊಟ್ಯಾಸಿಯಂ ಕ್ಲೋರೈಡ್, ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್, ಇಷ್ಟೇ.

ಎಲ್ಲ ಸರಿಯಿದೆ ಅನ್ನಿಸಿದಾಗ ಒಂದು ಪರೀಕ್ಷೆ

ಹೊರಗಿನ ನೀರನ್ನು ಲೀಟರಿಗೆ 100 ಮಿಲಿಮೋಲ್ ಸಾರ್ಬಿಟಾಲ್ (ಸಕ್ಕರೆಯಂಥ ವಸ್ತು) ಇರುವ ನೀರಿಗೆ ಬದಲಿಸಿ. 20 ಡಿಗ್ರಿಯಲ್ಲಿ ಅದರ ಆಸ್ಮಾಟಿಕ್ ಒತ್ತಡ, ಅಂದರೆ ಪೊರೆಯ ಮೂಲಕ ನೀರನ್ನು ತನ್ನತ್ತ ಎಳೆಯುವ ಬಲ, 0.24 ಮೆಗಾಪಾಸ್ಕಲ್. ಕೋಶದ ಟರ್ಗರ್ ಹೆಚ್ಚುಕಡಿಮೆ ಅಷ್ಟೇ ಇಳಿಯಬೇಕು. ಮೊದಲಿನ ನೀರು ಕೊಟ್ಟರೆ ಅಷ್ಟೇ ಏರಬೇಕು. ಇಳಿತ ತೀರಾ ಕಡಿಮೆ ಬಂದರೆ ಸೂಜಿ ಕಟ್ಟಿಕೊಂಡಿದೆ, ಅಥವಾ ಸೆನ್ಸರಿನ ಮಾಪನಾಂಕ ತಪ್ಪಿದೆ. ಇಳಿದದ್ದು ವಾಪಸ್ ಏರದಿದ್ದರೆ ಗಾಯ ಸೋರುತ್ತಿದೆ. ಪ್ರೋಬ್, ಸೂಜಿ, ಕೋಶ ಮೂರನ್ನೂ ಒಟ್ಟಿಗೆ ಪ್ರಶ್ನಿಸುವ ಪರೀಕ್ಷೆ ಇದು. ನಾನು ನೂರಕ್ಕೆ ನೂರು ನಂಬುವುದೂ ಇದನ್ನೇ.

ಏರುವ, ಇಳಿಯುವ ವೇಗವನ್ನೂ ಗಮನಿಸಿ. ಕಡ್ಡಿಯಿಂದ ಒತ್ತಡವನ್ನು ಚೂರು ಬದಲಿಸಿ ಮೆನಿಸ್ಕಸ್ ಹಿಡಿದಿಟ್ಟರೆ, ಕಾರಾದಲ್ಲಿ ಅರ್ಧ ಬದಲಾವಣೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಅದು ತುಂಬಾ ನಿಧಾನವಾಗಿದ್ದರೆ ತುದಿ ಅರ್ಧ ಕಟ್ಟಿಕೊಂಡಿರಬಹುದು, ಪೊರೆಯ ನೀರಿನ ದಾರಿಗಳು ಮುಚ್ಚಿರಬಹುದು. ಪಾದರಸದ ಲವಣ ಈ ದಾರಿಗಳನ್ನು ಮುಚ್ಚುತ್ತದೆ. ಹಿಂದಿನವರು ಅದೇ ಪಾತ್ರೆಯಲ್ಲಿ ಪಾದರಸದ ಪ್ರಯೋಗ ಮಾಡಿದ್ದರಾ ಅಂತ ಕೇಳಿ. ಅಂಥ ಪಾತ್ರೆಗಳನ್ನು ಬೇರೆಯೇ ಇಡಬೇಕು.

ಒತ್ತಡ ಸರಿ, ಕೋಶ ಮಾತ್ರ ಬೆಳೆಯುತ್ತಿಲ್ಲ

ಇದು ಪ್ರೋಬಿನ ದೋಷವಲ್ಲ, ಆದರೂ ಪ್ರೋಬಿನ ಮೇಲೇ ದೂರು ಬರುತ್ತದೆ. 1965ರಲ್ಲಿ ಜೇಮ್ಸ್ ಲಾಕ್‌ಹಾರ್ಟ್ ಬರೆದ ಸಮೀಕರಣದ ಪ್ರಕಾರ ಟರ್ಗರ್ ಒಂದು ಮಿತಿ ದಾಟಿದ ಮೇಲೆ ಎಷ್ಟು ಜಾಸ್ತಿಯೋ ಬೆಳವಣಿಗೆ ಅಷ್ಟು ಜಾಸ್ತಿ. ಆದರೆ ಅದರಲ್ಲಿ ಗೋಡೆ ಎಷ್ಟು ಸಡಿಲ ಅನ್ನುವ ಗುಣಾಂಕವೂ ಇದೆ. ಟರ್ಗರ್ ಪೂರ್ತಿ ಇದ್ದೂ ಗೋಡೆ ಬಿಡದಿದ್ದರೆ ಕೋಶ ಬೆಳೆಯುವುದಿಲ್ಲ. ಆಗಲೂ ಒತ್ತಡ ಬದಲಿಸಿದರೆ ಕೋಶ ಚೂರು ಉದ್ದವಾಗಿ, ವಾಪಸ್ ಕುಗ್ಗುತ್ತದೆ. ಅದು ಹಿಗ್ಗು, ಬೆಳವಣಿಗೆ ಅಲ್ಲ. ಜೋಸೆಫ್ ಒರ್ಟೆಗಾ 1985ರಲ್ಲಿ ಈ ಹಿಗ್ಗಿನ ಭಾಗವನ್ನು ಸಮೀಕರಣಕ್ಕೆ ಸೇರಿಸಿದರು.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ತಿಮೋತಿ ಪ್ರೋಸಿಯಸ್ ಮತ್ತು ಜಾನ್ ಬಾಯರ್ ಕಾರಾ ಕೊರಾಲಿನಾದ ಮೇಲೆ ಈ ಎರಡನ್ನೂ ಬಿಡಿಸಿ ನೋಡಿದರು. ತಂಪು ಮಾಡಿದರೆ ಬೆಳವಣಿಗೆ ಕುಸಿಯುತ್ತದೆ, ಹಿಗ್ಗು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇನ್ನೂ ದೊಡ್ಡ ವಿಷಯ ಗೋಡೆಯಲ್ಲಿರುವ ಪೆಕ್ಟಿನ್ ಅನ್ನುವ ಅಂಟಿನಂಥ ವಸ್ತು ಮತ್ತು ಕ್ಯಾಲ್ಸಿಯಂ. ಹಳೆಯ ಪೆಕ್ಟಿನ್ ಎಳೆಗಳನ್ನು ಕ್ಯಾಲ್ಸಿಯಂ ಕಟ್ಟಿ ಹಿಡಿದಿರುತ್ತದೆ. ಕೋಶ ತಂದು ಸೇರಿಸುವ ಹೊಸ ಪೆಕ್ಟಿನ್ ಆ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಗೋಡೆ ಸಡಿಲವಾಗುತ್ತದೆ. ಜೀವದ್ರವ್ಯ ತೆಗೆದ ಬರೀ ಗೋಡೆಗೆ ಒತ್ತಡ ಕೊಟ್ಟು, ಹೊರಗಿನಿಂದ ಪೆಕ್ಟೇಟ್ (ಪೆಕ್ಟಿನ್‌ನ ಒಂದು ರೂಪ) ಹಾಕಿದರೂ ಅದು ಬೆಳೆಯುತ್ತದೆ ಅಂತ ಅವರು ತೋರಿಸಿದರು.

ಹಾಗಾಗಿ ಬೆಳೆಯದ ಕೋಶಕ್ಕೆ ಪ್ರೋಬ್ ಬಿಚ್ಚಬೇಡಿ. ತುದಿಗೆ ಹತ್ತಿರದ ಎಳೆ ಕೋಶ ಆರಿಸಿದ್ದೀರಾ ನೋಡಿ, ಬಲಿತ ಕೋಶ ಹೇಗೂ ಬೆಳೆಯುವುದಿಲ್ಲ. ನೀರಿನ ಉಷ್ಣತೆ ನೋಡಿ. ಕೃತಕ ಕೆರೆನೀರಿಗೆ ಇವತ್ತು ಯಾರು ಎಷ್ಟು ಕ್ಯಾಲ್ಸಿಯಂ ಹಾಕಿದರು ಅಂತ ಡಬ್ಬಿಯ ಮೇಲಿನ ಚೀಟಿ ಓದಿ. ಚೀಟಿ ಇಲ್ಲದಿದ್ದರೆ ಆ ನೀರು ಚೆಲ್ಲಿ ಹೊಸದು ಮಾಡಿ, ಕೋಶವನ್ನು ಅದರಲ್ಲಿ ಬಿಟ್ಟು ಮಾರನೇ ದಿನ ಅಳೆಯಿರಿ.